ಬೆಕ್ಕಿಗೊಂದು ಕಿಂಡಿ

ಭದ್ರಾವತಿಯ ಜನ್ನಾಪುರದಲ್ಲಿ ಎರಡು ಕಾಲದ ಮನೆಗಳು ಅಕ್ಕಪಕ್ಕದಲ್ಲೇ ನಿಂತಿವೆ. ಒಂದು, ಮಂಗಳೂರು ಹೆಂಚು ಹೊದಿಸಿದ ಹಳೆಯ ಮನೆ. ಇನ್ನೊಂದು, ತಾರಸಿ ಹಾಕಿ, ಕಿಟಕಿಗೆ ಗ್ರಿಲ್ ಕೂರಿಸಿ, ಅದಕ್ಕೆ ಸೊಳ್ಳೆ ಜಾಲರಿ ಬಿಗಿದ ಹೊಸ ಮನೆ. ನಮ್ಮ ಮಟ್ಟಿಗೆ ಇದು ಪ್ರಗತಿಯೇ. ಮಳೆಗಾಲದಲ್ಲಿ ಸೋರುವುದಿಲ್ಲ, ಸೊಳ್ಳೆಯ ಕಾಟ ಕಡಿಮೆ, ಹೆಂಚು ಸರಿಸಿ ಇಳಿಯಲು ಕಳ್ಳನಿಗೆ ದಾರಿಯಿಲ್ಲ. ಆದರೆ ಇದೇ ಬದಲಾವಣೆಯಲ್ಲಿ ಮನೆಯ ಇನ್ನೊಂದು ಜೀವದ ದಾರಿಯೂ ಮುಚ್ಚಿಹೋಯಿತು. ಅದು ಬೆಕ್ಕು.

ಹೊಸ ಮನೆಯ ಬೆಕ್ಕು ಬಾಗಿಲ ಮುಂದೆ ಕುಳಿತು ಕೂಗುತ್ತದೆ. ತೆರೆದರೆ ಒಳಗೆ ಬರುತ್ತದೆ. ಅರ್ಧ ಗಂಟೆ ಕಳೆಯುವುದರೊಳಗೆ ಹೊರಗೆ ಬಿಡಿ ಎಂದು ಮತ್ತೆ ಕೂಗುತ್ತದೆ. ನಡುರಾತ್ರಿಯಲ್ಲೂ ಇದೇ ಕಥೆ. ಬೇಸತ್ತ ಮನೆಯವರು ಎರಡರಲ್ಲಿ ಒಂದನ್ನು ಮಾಡುತ್ತಾರೆ: ಒಳಗೇ ಕೂಡಿಹಾಕುತ್ತಾರೆ, ಇಲ್ಲವೇ ಹೊರಗೇ ಬಿಟ್ಟು ಮರೆಯುತ್ತಾರೆ. ಮೂರನೆಯ ದಾರಿಯೊಂದಿದೆ. ಬಾಗಿಲಿನ ಕೆಳಭಾಗದಲ್ಲಿ ಕೂರಿಸುವ, ತಳ್ಳಿದರೆ ತೆರೆದು ತಾನಾಗಿಯೇ ಮುಚ್ಚಿಕೊಳ್ಳುವ ಪುಟ್ಟ ಕದ. ಅಂಗಡಿಯವರು ಇದನ್ನು 'ಕ್ಯಾಟ್ ಫ್ಲ್ಯಾಪ್' ಎನ್ನುತ್ತಾರೆ. ನಾವು ಬೆಕ್ಕಿನ ಕಿಂಡಿ ಎಂದು ಕರೆಯೋಣ. ಕನ್ನಡಿಗರಿಗೆ ಕಿಂಡಿ ಎಂದೊಡನೆ ಉಡುಪಿಯ ಕನಕನ ಕಿಂಡಿ ನೆನಪಾಗುತ್ತದೆ. ಬಾಗಿಲಲ್ಲಿ ಪ್ರವೇಶ ಸಿಗದವನಿಗೆ ಗೋಡೆಯೇ ದಾರಿ ಕೊಟ್ಟಿತೆಂಬ ಐತಿಹ್ಯ ಅದರ ಹಿಂದಿದೆ.

ಬೆಕ್ಕಿಗೆ ಪ್ರತ್ಯೇಕ ಬಾಗಿಲು ಎಂದರೆ ಇದೇನು ಪರದೇಶದ ಶೋಕಿ ಎಂದು ನಗುವವರಿದ್ದಾರೆ. ಆದರೆ ಇತಿಹಾಸವನ್ನು ತಿರುವಿ ನೋಡಿದರೆ ಸಂಗತಿ ಬೇರೆಯೇ ಇದೆ. ಬೆಕ್ಕು ಮನುಷ್ಯನ ಮನೆಗೆ ಬಂದದ್ದೇ ತನ್ನಿಷ್ಟದಂತೆ ಬಂದುಹೋಗುವ ಷರತ್ತಿನ ಮೇಲೆ. ನಮ್ಮ ಹಿರಿಯರ ಮನೆಗಳು ಆ ಷರತ್ತನ್ನು ಅರಿವಿಲ್ಲದೆಯೇ ಪಾಲಿಸಿದ್ದವು. ಅರಿವಿಲ್ಲದೆಯೇ ಅದನ್ನು ಮುರಿದವರು ನಾವು.

ಕರೆಯದೆ ಬಂದ ಅತಿಥಿ

ದನ, ಕುರಿ, ಕುದುರೆಗಳನ್ನು ಮನುಷ್ಯ ಹಿಡಿದು ತಂದು ಪಳಗಿಸಿದ. ಬೆಕ್ಕಿನ ವಿಷಯದಲ್ಲಿ ಹಾಗಾಗಲಿಲ್ಲ ಎಂಬುದು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ರೈತರು ಧಾನ್ಯ ಬೆಳೆದು ಕೂಡಿಡತೊಡಗಿದರು. ಧಾನ್ಯಕ್ಕೆ ಇಲಿ ಬಂತು, ಇಲಿಯ ಬೆನ್ನಟ್ಟಿ ಕಾಡುಬೆಕ್ಕು ಬಂತು. ಮನುಷ್ಯ ಅದನ್ನು ಓಡಿಸಲಿಲ್ಲ, ಅದೂ ಹೋಗಲಿಲ್ಲ. ಇಂದು ನಮ್ಮ ಮನೆಗಳಲ್ಲಿರುವ ಬೆಕ್ಕುಗಳ ಮೂಲ ಆ ಭಾಗದ ಕಾಡುಬೆಕ್ಕೇ ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು.

ಇದಕ್ಕೆ ಮಣ್ಣಿನಲ್ಲೂ ಸಾಕ್ಷಿಯಿದೆ. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞರು ಅಗೆದಾಗ ಸುಮಾರು 9,500 ವರ್ಷ ಹಳೆಯದಾದ ಗೋರಿಯೊಂದು ಸಿಕ್ಕಿತು. ಮನುಷ್ಯನ ಪಕ್ಕದಲ್ಲಿ, ಒಂದು ಮೊಳದಷ್ಟು ದೂರದಲ್ಲಿ, ಒಂದು ಬೆಕ್ಕನ್ನೂ ಹೂಳಲಾಗಿತ್ತು. 2004ರಲ್ಲಿ ಈ ಸುದ್ದಿ ಪ್ರಕಟವಾಯಿತು. ಸೈಪ್ರಸ್‌ನಲ್ಲಿ ಸಹಜವಾಗಿ ಬೆಕ್ಕುಗಳಿರಲಿಲ್ಲ. ಅಂದರೆ ಯಾರೋ ಅದನ್ನು ದೋಣಿಯಲ್ಲಿ ಜೊತೆಗೆ ಕರೆದೊಯ್ದಿರಬೇಕು. ನಮ್ಮ ಉಪಖಂಡದಲ್ಲಿ ಸಿಂಧ್ ಪ್ರಾಂತ್ಯದ ಚನ್ಹುದಾರೋ ಎಂಬ ಹರಪ್ಪ ಕಾಲದ ನೆಲೆಯಲ್ಲಿ ಒಂದು ಇಟ್ಟಿಗೆ ಸಿಕ್ಕಿದೆ. ಹಸಿ ಇಟ್ಟಿಗೆಯನ್ನು ಒಣಗಲು ಇಟ್ಟಿದ್ದಾಗ ಅದರ ಮೇಲೆ ಬೆಕ್ಕೊಂದು ಓಡಿತ್ತು, ಬೆನ್ನ ಹಿಂದೆಯೇ ನಾಯಿಯೊಂದು ಓಡಿತ್ತು. ನಾಲ್ಕು ಸಾವಿರ ವರ್ಷಗಳ ನಂತರವೂ ಎರಡರ ಹೆಜ್ಜೆಗಳು ಹಾಗೆಯೇ ಇವೆ.

ಕಾರ್ಖಾನೆಯ ಊರಾದ ಭದ್ರಾವತಿಗೆ ಹಲವು ಭಾಷೆಯ ಜನ ಬಂದು ನೆಲೆಸಿದರು. ಹಾಗಾಗಿ ಇಲ್ಲಿಯ ಬೆಕ್ಕಿಗೆ ಹೆಸರುಗಳೂ ಹಲವು. ತೆಲುಗಿನವರಿಗೆ ಅದು ಪಿಲ್ಲಿ, ತಮಿಳರಿಗೆ ಪೂನೈ, ಉರ್ದು ಮಾತಾಡುವವರಿಗೆ ಬಿಲ್ಲಿ. ಒಂದೇ ಬೆಕ್ಕು ಒಂದೇ ದಿನದಲ್ಲಿ ಈ ಎಲ್ಲ ಹೆಸರಿಗೂ ಓಗೊಟ್ಟು ಎಲ್ಲರ ಮನೆಯ ಹಾಲನ್ನೂ ಕುಡಿದು ಬರುತ್ತದೆ. ಆಗಾಗ ಮನೆ ಬದಲಿಸುವವರನ್ನು ಕಂಡು 'ಬೆಕ್ಕಿನ ಬಿಡಾರ' ಎಂದು ನಗುತ್ತೇವಲ್ಲ, ಆ ಮಾತು ಹುಟ್ಟಿದ್ದೂ ಮರಿಗಳನ್ನು ಕಚ್ಚಿಕೊಂಡು ಮನೆಯಿಂದ ಮನೆಗೆ ಹೋಗುವ ತಾಯಿಬೆಕ್ಕನ್ನು ನೋಡಿಯೇ. ಎಲ್ಲ ಮನೆಗಳಿಗೂ ಅದಕ್ಕೊಂದು ದಾರಿಯಿತ್ತು ಎಂಬುದು ಆ ಮಾತಿನೊಳಗೇ ಅಡಗಿದೆ.

ಅನುಮತಿ ಬೇಡದವರು

ಬೆಕ್ಕು ಮತ್ತು ಬಾಗಿಲಿನ ಸಂಬಂಧದ ಬಗ್ಗೆ ಇಸ್ಲಾಮೀ ಪರಂಪರೆಯಲ್ಲಿ ಗಮನಾರ್ಹವಾದ ಒಂದು ಪ್ರಸಂಗವಿದೆ. ಮಾಲಿಕ್, ಅಬೂದಾವೂದ್, ತಿರ್ಮಿದಿ ಮೊದಲಾದವರ ಹದೀಸ್ ಸಂಗ್ರಹಗಳಲ್ಲಿ ಅದು ದಾಖಲಾಗಿದೆ. ಸಹಾಬಿ ಅಬೂ ಕತಾದರಿಗೆ ವುಝೂ ಮಾಡಲು ಸೊಸೆ ಕಬ್ಶಾ ನೀರು ತಂದಿಟ್ಟಿದ್ದರು. ಅಷ್ಟರಲ್ಲಿ ಬೆಕ್ಕೊಂದು ಬಂದು ಆ ನೀರಿಗೆ ಬಾಯಿ ಹಾಕಿತು. ಅಬೂ ಕತಾದ ಅದನ್ನು ಓಡಿಸಲಿಲ್ಲ. ಅದು ಚೆನ್ನಾಗಿ ಕುಡಿಯಲೆಂದು ಪಾತ್ರೆಯನ್ನೇ ವಾಲಿಸಿ ಹಿಡಿದರು. ಸೊಸೆ ಬೆರಗಾಗಿ ನೋಡುತ್ತಿದ್ದಾಗ, ಬೆಕ್ಕು ಮಲಿನವಲ್ಲವೆಂದೂ ಅದು ನಿಮ್ಮ ನಡುವೆ ಸುತ್ತಾಡುವ ಜೀವಗಳಲ್ಲೊಂದೆಂದೂ ಪ್ರವಾದಿ(ಸ) ಹೇಳಿದ್ದನ್ನು ನೆನಪಿಸಿದರು.

ಇಲ್ಲಿ 'ಸುತ್ತಾಡುವವರು' ಎಂಬುದಕ್ಕೆ ಬಳಕೆಯಾದ ಅರಬೀ ಪದ 'ತವ್ವಾಫೀನ್'. ಕುರ್‌ಆನಿನ ಅನ್ನೂರ್ ಅಧ್ಯಾಯದ 58ನೇ ಸೂಕ್ತದಲ್ಲೂ ಇದೇ ಪದ ಬರುತ್ತದೆ. ಮನೆಯೊಳಗೆ ಖಾಸಗಿ ಕೋಣೆಗೆ ಹೋಗುವಾಗ ಯಾರು ಯಾವಾಗ ಅನುಮತಿ ಕೇಳಬೇಕು ಎಂಬುದು ಆ ಸೂಕ್ತದ ವಿಷಯ. ದಿನದ ಮೂರು ಹೊತ್ತು ಮನೆಯಾಳುಗಳೂ ಚಿಕ್ಕ ಮಕ್ಕಳೂ ಕೇಳಿಯೇ ಒಳಬರಬೇಕು. ಉಳಿದ ಹೊತ್ತಿನಲ್ಲಿ ಅವರು ಸುತ್ತಾಡಿಕೊಂಡಿರುವವರೇ ಆದ್ದರಿಂದ ಕೇಳಬೇಕಾಗಿಲ್ಲ. ಅದೇ ಪದ ಬೆಕ್ಕಿಗೂ ಸಂದಿರುವುದನ್ನು ಗಮನಿಸಬೇಕು. ಪ್ರತಿ ಸಲವೂ ಬಾಗಿಲು ತಟ್ಟಿ ಒಪ್ಪಿಗೆ ಪಡೆಯಬೇಕಾದ ಹೊರಗಿನವರ ಸಾಲಿಗೆ ಅದು ಸೇರುವುದಿಲ್ಲ. ಅದು ಮನೆಯವರ ಸಾಲಿನದು.

ಇನ್ನೊಂದು ಹದೀಸ್ ಎಚ್ಚರಿಕೆಯದು. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಇದರ ಪ್ರಕಾರ ಒಬ್ಬ ಹೆಂಗಸು ಬೆಕ್ಕೊಂದನ್ನು ಕೂಡಿಹಾಕಿದ ಕಾರಣಕ್ಕೆ ನರಕಕ್ಕೆ ಹೋದಳು. ಅವಳು ತಾನೂ ತಿನ್ನಲು ಕೊಡಲಿಲ್ಲ, ನೆಲದ ಹುಳುಹುಪ್ಪಟೆಯನ್ನಾದರೂ ತಿಂದುಕೊಳ್ಳಲೆಂದು ಬಿಡಲೂ ಇಲ್ಲ. ಬೆಕ್ಕನ್ನು ಮನೆಯೊಳಗೆ ಇಟ್ಟುಕೊಂಡು ಚೆನ್ನಾಗಿ ನೋಡಿಕೊಳ್ಳುವುದು ಇಲ್ಲಿ ತಪ್ಪೆಂದು ಹೇಳಿಲ್ಲ. ಕೊಡದೆ, ಬಿಡದೆ, ಬಾಗಿಲು ಹಾಕಿಬಿಡುವುದು ಇಲ್ಲಿ ಹೇಳಿರುವ ಪಾಪ. ವಾರದ ಮಟ್ಟಿಗೆ ಊರಿಗೆ ಹೋಗುವಾಗ ಬೆಕ್ಕು ಒಳಗಿದೆಯೋ ಹೊರಗಿದೆಯೋ ನೋಡದೆ ಬೀಗ ಹಾಕುವ ನಮ್ಮ ಅವಸರಕ್ಕೆ ಈ ಮಾತು ಇಂದಿಗೂ ತಟ್ಟುತ್ತದೆ.

ಈ ತಿಳಿವಳಿಕೆ ಮುಂದೆ ಸಂಸ್ಥೆಯ ರೂಪವನ್ನೂ ಪಡೆಯಿತು. 1260ರಿಂದ 1277ರವರೆಗೆ ಈಜಿಪ್ಟನ್ನು ಆಳಿದ ಸುಲ್ತಾನ್ ಬೈಬರ್ಸ್ ಕೈರೋದಲ್ಲಿ ಒಂದು ತೋಟವನ್ನು ಬೆಕ್ಕುಗಳ ಪಾಲಿಗೆ ಬಿಟ್ಟಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರ ತನ್ನ ಗ್ರಂಥದಲ್ಲಿ ಇದನ್ನು ಬರೆದಿದ್ದಾನೆ. ಅಷ್ಟು ಹೊತ್ತಿಗೆ ತೋಟ ಕೈಬದಲಾಗಿ ಹೋಗಿತ್ತು. ಆದರೂ ನಗರದ ಕಾಜಿಯ ನ್ಯಾಯಾಲಯದ ಅಂಗಳದಲ್ಲಿ ಬೆಕ್ಕುಗಳಿಗೆ ಊಟ ಹಾಕುವ ಪದ್ಧತಿ ಮಾತ್ರ ಮುಂದುವರಿದಿತ್ತು.

ಚರ್ಚಿನ ಕಿಂಡಿ, ನ್ಯೂಟನ್ನನ ಕಥೆ

ಬಾಗಿಲಿನಲ್ಲೇ ರಂಧ್ರ ಕೊರೆದು ಬೆಕ್ಕಿಗೆ ದಾರಿ ಮಾಡುವ ಪದ್ಧತಿಗೆ ಯುರೋಪಿನಲ್ಲಿ ಲಿಖಿತ ದಾಖಲೆಗಳಿವೆ. ಅಲ್ಲಿ ಚಳಿ ಜಾಸ್ತಿ, ಬಾಗಿಲುಗಳು ದಪ್ಪ, ಸದಾ ಮುಚ್ಚಿಯೇ ಇರಬೇಕು. ಇಲಿಯೋ ಎಲ್ಲೆಲ್ಲೂ ಇದೆ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ಗಿರಣಿಯವನು ಹೇಳುವ ಕಥೆಯೊಂದಿದೆ. ಅದರಲ್ಲಿ ಆಳೊಬ್ಬ ಮುಚ್ಚಿದ ಕೋಣೆಯೊಳಗೆ ಇಣುಕುವುದು ಹಲಗೆಯ ಕೆಳಗಡೆ ಬೆಕ್ಕು ನುಸುಳಲು ಇದ್ದ ತೂತಿನಿಂದಲೇ. ಅದೇನೆಂದು ಓದುಗರಿಗೆ ಕವಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಸಾಮಾನ್ಯ ಸಂಗತಿ ಅದು.

ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದ ಮಹಾಚರ್ಚಿನಲ್ಲಿ ಖಗೋಳ ಗಡಿಯಾರದ ಕೆಳಗಿನ ಬಾಗಿಲಿನಲ್ಲಿ ಅಂಥ ಒಂದು ಕಿಂಡಿ ಇಂದಿಗೂ ಇದೆ. ಗಡಿಯಾರದ ಹಗ್ಗಗಳಿಗೆ ಕೊಬ್ಬು ಸವರುತ್ತಿದ್ದರು, ಆ ವಾಸನೆಗೆ ಇಲಿಗಳು ಬರುತ್ತಿದ್ದವು. ಹದಿನಾರನೇ ಶತಮಾನದ ಕೊನೆಗೆ ಅಲ್ಲಿ ಬಿಷಪ್ಪನಾಗಿ ಬಂದ ವಿಲಿಯಂ ಕಾಟನ್ ಬಡಗಿಗಳಿಗೆ ಕೂಲಿ ಕೊಟ್ಟು ಈ ಕಿಂಡಿಯನ್ನು ಕೊರೆಸಿದ. ಇನ್ನೂ ಹಳೆಯ ಸಂಗತಿಯೆಂದರೆ, 1305ರಿಂದ 1467ರವರೆಗಿನ ಚರ್ಚಿನ ಲೆಕ್ಕಪತ್ರಗಳಲ್ಲಿ ಬೆಕ್ಕಿನ ಹೆಸರಿಗೆ ಮೂರು ತಿಂಗಳಿಗೆ 13 ಪೆನ್ನಿ, ಅಂದರೆ ವಾರಕ್ಕೊಂದು ಪೆನ್ನಿ, ಖರ್ಚು ಹಾಕಲಾಗಿದೆ. ಬೆಕ್ಕು ಅಲ್ಲಿ ಸಂಬಳದ ನೌಕರ. ನೌಕರನಿಗೆ ಕೆಲಸದ ಸ್ಥಳಕ್ಕೆ ದಾರಿ ಬೇಕಲ್ಲ.

ಈ ಕಿಂಡಿಯನ್ನು ಕಂಡುಹಿಡಿದವನು ವಿಜ್ಞಾನಿ ಐಸಾಕ್ ನ್ಯೂಟನ್ ಎಂದು ಹಲವೆಡೆ ಬರೆದಿರುವುದನ್ನು ಓದುತ್ತೇವೆ. ದೊಡ್ಡ ಬೆಕ್ಕಿಗೆ ದೊಡ್ಡ ತೂತು, ಮರಿಗೆ ಸಣ್ಣ ತೂತು ಮಾಡಿಸಿದನಂತೆ ಎಂಬ ನಗೆಹನಿಯೂ ಜೊತೆಗಿರುತ್ತದೆ. ಕೇಂಬ್ರಿಜ್‌ನಲ್ಲಿ ಓದಿದ್ದ ಜೆ. ಎಂ. ಎಫ್. ರೈಟ್ ಎಂಬವನು 1827ರಲ್ಲಿ ಈ ಕಥೆಯನ್ನು ಅಚ್ಚು ಹಾಕಿಸಿದ. ಆದರೆ ನ್ಯೂಟನ್ನನ ಜೊತೆಗೇ ಇದ್ದು ಅವನ ಬರವಣಿಗೆಯ ಕೆಲಸ ಮಾಡಿದ ಹಂಫ್ರಿ ನ್ಯೂಟನ್, ಅವನ ಕೋಣೆಯಲ್ಲಿ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಚಾಸರ್ ನ್ಯೂಟನ್ನನಿಗಿಂತ ಮುನ್ನೂರು ವರ್ಷ ಹಿಂದಿನವನು ಎಂಬುದೊಂದೇ ಈ ಕಥೆಯನ್ನು ಬದಿಗಿಡಲು ಸಾಕು. ನಮ್ಮಲ್ಲೂ ಇಂಥದಿದೆ. ಮಲಗಿದ್ದ ಬೆಕ್ಕನ್ನು ಎಬ್ಬಿಸಬಾರದೆಂದು ಪ್ರವಾದಿ(ಸ) ತಮ್ಮ ಅಂಗಿಯ ತೋಳನ್ನೇ ಕತ್ತರಿಸಿದರೆಂಬ ಕಥೆ ಬಹಳ ಜನಪ್ರಿಯ. ಹದೀಸ್ ಸಂಗ್ರಹಗಳಲ್ಲಿ ಅದಕ್ಕೆ ಆಧಾರವಿಲ್ಲ. ಅಬೂ ಕತಾದರ ವಾಲಿಸಿದ ಪಾತ್ರೆ ಇರುವಾಗ ಅಂಥ ಕಥೆಯ ಅಗತ್ಯವೂ ಇಲ್ಲ.

ಹೆಂಚಿನ ಮಾಡು, ಪ್ಲೇಗು, ತಾರಸಿ

ನಮ್ಮ ನಾಡಿನಲ್ಲಿ ಇಂಥ ಕಿಂಡಿ ಏಕೆ ಬೇಕಾಗಲಿಲ್ಲ? ಉತ್ತರ ಮಾಡಿನಲ್ಲಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಲೆನಾಡಿನ ಹುಲ್ಲು ಹಾಗೂ ನಾಡಹೆಂಚಿನ ಮಾಡುಗಳ ಜಾಗಕ್ಕೆ ಮೆಲ್ಲಮೆಲ್ಲನೆ ಮಂಗಳೂರು ಹೆಂಚು ಬಂತು. ಹೆಂಚಾಗಲಿ ಹುಲ್ಲಾಗಲಿ, ಗೋಡೆಯ ತಲೆಗೂ ಮಾಡಿಗೂ ನಡುವೆ ಸಂದು ಇದ್ದೇ ಇರುತ್ತಿತ್ತು. ಹೊಗೆ ಹೋಗಲು, ಗಾಳಿಯಾಡಲು ಅದು ಬೇಕಿತ್ತು. ಬೆಕ್ಕು ಆ ಸಂದಿನಿಂದ ಅಟ್ಟಕ್ಕೆ ಇಳಿಯುತ್ತಿತ್ತು. ಅಟ್ಟದಲ್ಲಿ ಅಡಿಕೆ, ಬಿತ್ತನೆ ಬೀಜ. ಕೆಳಗೆ ಭತ್ತದ ಕಣಜ. ಇಲಿಯ ದಾರಿಯೇ ಬೆಕ್ಕಿನ ದಾರಿ. ಜೊತೆಗೆ ಮರದ ಸರಳಿನ ಕಿಟಕಿ, ದಿನವಿಡೀ ತೆರೆದೇ ಇರುತ್ತಿದ್ದ ಹಿತ್ತಿಲ ಬಾಗಿಲು. ಬೆಕ್ಕಿಗೊಂದು ಬಾಗಿಲು ಎಂದು ಬೇರೆ ಮಾಡಿಸುವ ಪ್ರಶ್ನೆಯೇ ಬರಲಿಲ್ಲ.

ಈ ಮನೆಯನ್ನು ಬದಲಿಸಲು ಮೊದಲು ಒತ್ತಾಯಿಸಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನದಲ್ಲಿ ಹರಡಿತು. ಜನ ಮನೆಮಠ ಬಿಟ್ಟು ಊರಾಚೆಯ ಗುಡಿಸಲುಗಳಿಗೆ ಓಡಿದರು. ರೋಗ ದಾಟುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ಫ್ರೆಂಚ್ ವೈದ್ಯ ಸಿಮೋಂದ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ಇಕ್ಕಟ್ಟಾದ, ಕತ್ತಲೆಯ ಮನೆಗಳ ಬದಲು ಗಾಳಿ-ಬೆಳಕಿನ ಬಡಾವಣೆಗಳು ಬೇಕೆಂಬ ಮಾತು ಬಲವಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡದ್ದು ಆ ಕಾಲದಲ್ಲಿ.

ಆಗ ಬೆಕ್ಕಿನ ಪರವಾಗಿ ದನಿಯೆತ್ತಿದ ವೈದ್ಯರೂ ಇದ್ದರು. ಮಧ್ಯ ಭಾರತದಲ್ಲಿ ಸೇವೆಯಲ್ಲಿದ್ದ ಆಂಡ್ರೂ ಬುಕಾನನ್ ಎಂಬ ವೈದ್ಯಾಧಿಕಾರಿ, ಬೆಕ್ಕುಗಳಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಈ ವಾದವನ್ನು ಪೂರ್ತಿ ಒಪ್ಪುವಂತಿಲ್ಲ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯನಿಗೂ ದಾಟಬಲ್ಲದು ಎಂಬುದು ಈಗ ಖಚಿತವಾಗಿದೆ. ಆದರೂ ಇಲಿಯನ್ನು ದೂರವಿಡುವ ಹಳೆಯ ವ್ಯವಸ್ಥೆಯೊಂದು ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು ಎಂಬುದನ್ನು ಆ ಬರಹ ದಾಖಲಿಸಿತು.

ಭದ್ರಾವತಿ ಪಟ್ಟಣವಾಗಿ ಬೆಳೆದದ್ದು ಇದರ ನಂತರ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಮೈಸೂರು ಸರಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಗಲ್ಲು ಹಾಕಿತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದು ಸುತ್ತಲೂ ಭತ್ತದ ಗದ್ದೆಗಳು ಹಬ್ಬಿದವು. ಕಾರ್ಮಿಕರ ಕ್ವಾರ್ಟರ್ಸು, ಅದರಾಚೆ ಸ್ವಂತ ಮನೆಗಳು, ಅದರಾಚೆ ಗದ್ದೆ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಕಾಗದದ ಕಾರ್ಖಾನೆ ಈಗ ನಿಂತಿದೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು ಊರೇ ಬೀದಿಗಿಳಿಯಿತು. ಕೆಲಸ ಹೋದಾಗ, ನಿವೃತ್ತಿಯಾದಾಗ ಸಂಸಾರಗಳು ಮನೆ ಖಾಲಿ ಮಾಡುತ್ತವೆ. ಪಾತ್ರೆ-ಪಗಡೆ ಲಾರಿಗೆ ಏರುತ್ತದೆ. ಬೆಕ್ಕು ಮಾತ್ರ ಬೀಗ ಹಾಕಿದ ಬಾಗಿಲ ಮುಂದೆ ಉಳಿಯುತ್ತದೆ. ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂಬ ಮಾತಿದೆಯಲ್ಲ.

ಪೆಟ್ಟಿಗೆಯೊಳಗಿನ ಪಾಠ

ಬಾಗಿಲು ತೆರೆಯುವುದನ್ನು ಬೆಕ್ಕು ಹೇಗೆ ಕಲಿಯುತ್ತದೆ? ಈ ಪ್ರಶ್ನೆ ಮನೋವಿಜ್ಞಾನ ಎಂಬ ಶಾಸ್ತ್ರದ ಚರಿತ್ರೆಯಲ್ಲೇ ದೊಡ್ಡ ಜಾಗ ಪಡೆದಿದೆ. ಮೇಲೆ ಹೇಳಿದ ಅದೇ 1898ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಥಾರ್ನ್‌ಡೈಕ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಹಸಿದ ಬೆಕ್ಕನ್ನು ಮರದ ಪೆಟ್ಟಿಗೆಯೊಳಗೆ ಬಿಟ್ಟು ಹೊರಗೆ ಮೀನಿಡುತ್ತಿದ್ದ. ಒಳಗಿದ್ದ ಕುಣಿಕೆ ಎಳೆದರೆ ಅಥವಾ ಅಗುಳಿ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಮೊದಲ ಸಲ ಬೆಕ್ಕು ಪರಚಿ, ಕಚ್ಚಿ, ಒದ್ದಾಡಿ ಆಕಸ್ಮಿಕವಾಗಿ ಹೊರಬರುತ್ತಿತ್ತು. ಸಲದಿಂದ ಸಲಕ್ಕೆ ತಗಲುವ ಸಮಯ ಇಳಿಯುತ್ತಾ ಬಂದು ಕೊನೆಗೆ ಕೆಲವೇ ಸೆಕೆಂಡುಗಳಲ್ಲಿ ಹೊರಗಿರುತ್ತಿತ್ತು. ಫಲ ಕೊಟ್ಟ ಕ್ರಿಯೆ ಉಳಿಯುತ್ತದೆ, ಫಲ ಕೊಡದ್ದು ಬಿದ್ದುಹೋಗುತ್ತದೆ ಎಂಬ ನಿಯಮವನ್ನು ಅವನು ಇದರಿಂದ ಕಟ್ಟಿದ.

ನಮಗೆ ಮುಖ್ಯವಾದ ಇನ್ನೊಂದು ಸಂಗತಿಯೂ ಆ ಪ್ರಯೋಗದಲ್ಲಿದೆ. ಥಾರ್ನ್‌ಡೈಕ್ ಬೆಕ್ಕಿನ ಕಾಲು ಹಿಡಿದು ತಾನೇ ಕುಣಿಕೆ ಎಳೆಸಿ ನೋಡಿದ. ಅದರಿಂದ ಬೆಕ್ಕು ಏನನ್ನೂ ಕಲಿಯಲಿಲ್ಲ. ತಾನಾಗಿ ಮಾಡಿದ್ದನ್ನಷ್ಟೇ ಅದು ಕಲಿಯುತ್ತದೆ. ಬೇರೆ ಬೆಕ್ಕನ್ನು ನೋಡಿಯೂ ಕಲಿಯುವುದಿಲ್ಲ ಎಂದು ಅವನು ಹೇಳಿದ್ದ. ಆ ಮಾತು ಮುಂದೆ ತಿದ್ದುಪಡಿಯಾಯಿತು. ತಾಯಿ ಮಾಡುವುದನ್ನು ನೋಡಿದ ಮರಿಗಳು ಬೇಗ ಕಲಿಯುತ್ತವೆ, ಅಪರಿಚಿತ ಬೆಕ್ಕನ್ನು ನೋಡಿದವು ನಿಧಾನವಾಗಿ ಕಲಿಯುತ್ತವೆ ಎಂದು 1969ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು.

ತೆನಾಲಿ ರಾಮನ ಕಥೆಯೂ ಇದೇ ಪಾಠ ಹೇಳುತ್ತದೆ. ಇಲಿ ಹಿಡಿಯಲೆಂದು ಕೃಷ್ಣದೇವರಾಯ ಬೆಕ್ಕು ಕೊಟ್ಟು, ಅದಕ್ಕೆ ಹಾಲಿಗೆಂದು ಹಸುವನ್ನೂ ಕೊಟ್ಟನಂತೆ. ರಾಮ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ನಾಲಿಗೆ ಸುಡಿಸಿದ. ಆಮೇಲೆ ಹಾಲಿನ ಬಟ್ಟಲು ಕಂಡರೇ ಅದು ಓಟ. ಹಾಲೆಲ್ಲ ರಾಮನಿಗೆ. ಒಂದು ಸಲದ ಹೆದರಿಕೆ ಸಾಕು, ಬೆಕ್ಕು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಕಿಂಡಿಯ ವಿಷಯದಲ್ಲಿ ಇದನ್ನು ಮರೆಯಬಾರದು.

ಯಾವ ಕಿಂಡಿ, ಎಲ್ಲಿ?

ಅಂಗಡಿಯಲ್ಲಿ ಸಿಗುವ ಕಿಂಡಿಗಳು ನಾಲ್ಕು ಬಗೆ. ಒಂದು, ಬರೀ ತೂಗುಕದ. ಎರಡು, ಬೀಗವಿರುವ ತೂಗುಕದ. ಇದನ್ನು ಒಳಬರಲು ಮಾತ್ರ, ಹೊರಹೋಗಲು ಮಾತ್ರ, ಎರಡಕ್ಕೂ ಅಥವಾ ಪೂರ್ತಿ ಬಂದ್ ಎಂದು ನಾಲ್ಕು ರೀತಿ ಇಡಬಹುದು. ಮೂರು, ಬೆಕ್ಕಿನ ಕೊರಳಪಟ್ಟಿಯ ಅಯಸ್ಕಾಂತಕ್ಕೆ ತೆರೆಯುವಂಥದು. ಕಬ್ಬಿಣದ ಊರಿನಲ್ಲಿ ಇದಕ್ಕೊಂದು ತಮಾಷೆಯ ತೊಡಕಿದೆ. ಬೆಕ್ಕು ಮೊಳೆ, ಕಬ್ಬಿಣದ ಪುಡಿಯನ್ನೆಲ್ಲ ಕೊರಳಿಗೆ ಅಂಟಿಸಿಕೊಂಡು ಮನೆಗೆ ಬಂದೀತು. ಕೊರಳಪಟ್ಟಿ ಹಾಕುವುದಾದರೆ ಕೊಂಬೆಗೆ ಸಿಕ್ಕಿದಾಗ ತಾನಾಗಿ ಬಿಚ್ಚಿಕೊಳ್ಳುವಂಥದೇ ಇರಬೇಕು. ನಾಲ್ಕನೆಯದು, ಬೆಕ್ಕಿನ ಚರ್ಮದಡಿ ಸೇರಿಸಿದ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ಪಿನ 15 ಅಂಕಿಗಳ ಸಂಖ್ಯೆಯನ್ನು ಓದಿ ತೆರೆಯುವಂಥದು. ಇಂಗ್ಲೆಂಡಿನಲ್ಲಿ 2024ರ ಜೂನ್‌ನಿಂದ ಸಾಕುಬೆಕ್ಕಿಗೆ ಈ ಚಿಪ್ಪು ಕಡ್ಡಾಯವಾಗಿದೆ. ಅಲ್ಲಿಗೆ ಇದು ಸರಿ. ನಮ್ಮಲ್ಲಿ ಬೀಗವಿರುವ ಎರಡನೆಯ ಬಗೆಯೇ ಸಾಕು.

ಕೊಳ್ಳಲಾಗದಿದ್ದರೆ ಬಡಗಿಯೇ ಮಾಡಿಕೊಡಬಲ್ಲ. ಸುಮಾರು ಆರಿಂಚು ಅಗಲ, ಆರೇಳಿಂಚು ಎತ್ತರದ ಚೌಕ ತೂತು. ಅದಕ್ಕೆ ಮೇಲಿನಿಂದ ತೂಗುವ, ಪಾರದರ್ಶಕ ಅಕ್ರಿಲಿಕ್ ಹಾಳೆಯ ಕದ. ಆಚೆ ಏನಿದೆ ಎಂದು ಕಾಣುವಂತಿದ್ದರೆ ಬೆಕ್ಕು ಅಂಜುವುದಿಲ್ಲ. ತಗಡಿನ ಕದ ಬೇಡ. ಭಾರ, ಸದ್ದು ಮಾಡುತ್ತದೆ, ಅಂಚು ಕುಯ್ಯುತ್ತದೆ. ತೂತಿನ ಕೆಳ ಅಂಚು ನೆಲದಿಂದ ಬೆಕ್ಕಿನ ಹೊಟ್ಟೆಯ ಮಟ್ಟಕ್ಕಿರಲಿ, ಅಂದಾಜು ಆರಿಂಚು. ಹೊರಗಿನ ನೆಲ ತಗ್ಗಾಗಿದ್ದರೆ ಒಂದು ಕಲ್ಲು ಇಡಿ. ಕೈ ತೂರಿಸಿ ಚಿಲಕ ತೆಗೆಯುವಷ್ಟು ಹತ್ತಿರ ಇರಬಾರದು. ಮಳೆಯ ಎರಚಲು ಬಡಿಯುವ ಕಡೆಗಿಂತ ಹಿತ್ತಿಲ ಬಾಗಿಲು ವಾಸಿ.

ಮಲೆನಾಡಿನ ಮಗ್ಗುಲಲ್ಲಿರುವ ನಮಗೆ ಮೊದಲು ಬರುವ ಪ್ರಶ್ನೆ ಹಾವಿನದು. ಅದು ನ್ಯಾಯವಾದ ಭಯವೇ. ತೂಗುಕದ ಹಾವನ್ನು ಪೂರ್ತಿ ತಡೆಯುತ್ತದೆಂದು ಯಾರೂ ಹೇಳಲಾರರು. ಕೆಳ ಅಂಚಿಗೆ ಅಯಸ್ಕಾಂತದ ಪಟ್ಟಿಯಿದ್ದು ಕದ ಬಿಗಿಯಾಗಿ ಕೂರುವಂತಿರಬೇಕು, ಹೊರಗಡೆ ಸೌದೆ, ಕಲ್ಲು, ಇಟ್ಟಿಗೆಯ ರಾಶಿ ಇರಬಾರದು, ಸಂಜೆಯಾದೊಡನೆ ಕಿಂಡಿಗೆ ಬೀಗ ಬೀಳಬೇಕು. ರಾತ್ರಿ ಮುಚ್ಚುವುದಕ್ಕೆ ಬೇರೆ ಕಾರಣಗಳೂ ಇವೆ. ಕಾಡಂಚಿನಲ್ಲಿ ಚಿರತೆಯಿದೆ, ಬೀದಿನಾಯಿಗಳಿವೆ, ವಾಹನಗಳಿವೆ. ಬೆಕ್ಕು ಕೊಲ್ಲುವ ಹಕ್ಕಿಗಳ ಲೆಕ್ಕವೂ ಸಣ್ಣದಲ್ಲ. ಅಮೆರಿಕದಲ್ಲಿ ಹೊರಗೆ ಅಲೆಯುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಅಧ್ಯಯನವೊಂದು ಅಂದಾಜು ಮಾಡಿದೆ. ಆದ್ದರಿಂದ ಸ್ವಾತಂತ್ರ್ಯವೆಂದರೆ ಹಗಲೂ ರಾತ್ರಿ ತೆರೆದ ಬಾಗಿಲು ಎಂದಲ್ಲ. ಹೊರಗೆ ಬಿಡುವ ಬೆಕ್ಕಿಗೆ ಹುಚ್ಚುರೋಗದ ಚುಚ್ಚುಮದ್ದು ಮತ್ತು ಸಂತಾನಹರಣ ಚಿಕಿತ್ಸೆ ಮಾಡಿಸದೆ ಕಿಂಡಿ ಕೊರೆಸುವುದು ಬೇಜವಾಬ್ದಾರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವಾಗ ದೂರವೆಂಬ ನೆಪವೂ ಇಲ್ಲ.

ಕಲಿಸುವ ಬಗೆ

ಕಿಂಡಿ ಕೂರಿಸಿದ ದಿನವೇ ಬೆಕ್ಕನ್ನು ಹಿಡಿದು ಅದರೊಳಗೆ ನೂಕುವವರಿದ್ದಾರೆ. ಥಾರ್ನ್‌ಡೈಕ್ ಹೇಳಿದಂತೆ ಅದರಿಂದ ಕಲಿಕೆಯಿಲ್ಲ. ತೆನಾಲಿ ರಾಮನ ಬೆಕ್ಕಿನಂತೆ ಹೆದರಿಕೆ ಮಾತ್ರ ಉಳಿಯುತ್ತದೆ. ಮೊದಲ ಮೂರ್ನಾಲ್ಕು ದಿನ ಕದವನ್ನು ಪೂರ್ತಿ ಮೇಲಕ್ಕೆತ್ತಿ ಪಟ್ಟಿಯಿಂದ ಅಂಟಿಸಿಬಿಡಿ. ಅದು ಬರೀ ತೂತಾಗಿರಲಿ. ಬೆಕ್ಕಿಗೆ ಹಸಿವಾಗುವ ಹೊತ್ತಿಗೆ ಆಚೆ ಬದಿಯಲ್ಲಿ ಮೀನಿನ ತುಂಡೋ ಹಾಲನ್ನವೋ ಇಟ್ಟು ಕರೆಯಿರಿ. ಮರುದಿನ ಬಟ್ಟಲನ್ನು ಈಚೆಗಿಡಿ. ಹೋಗುವುದು ಬೇರೆ ಪಾಠ, ಬರುವುದು ಬೇರೆ ಪಾಠ. ಒಂದು ಕಲಿತರೆ ಇನ್ನೊಂದು ತಾನೇ ಬರುತ್ತದೆಂದು ತಿಳಿಯಬೇಡಿ.

ತೂತಿನ ಭಯ ಹೋದ ಮೇಲೆ ಕದವನ್ನು ಅರ್ಧಕ್ಕೆ ಇಳಿಸಿ. ಬೆಕ್ಕು ತಲೆಯಿಂದ ಸ್ವಲ್ಪ ತಳ್ಳಿ ದಾಟಲಿ. ಎರಡು ದಿನ ಬಿಟ್ಟು ಇನ್ನಷ್ಟು ಇಳಿಸಿ. ಕೊನೆಗೆ ಬೆರಳಗಲದ ಸಂದಷ್ಟೇ ಉಳಿಯುವಂತಿರಲಿ. ಪೂರ್ತಿ ಮುಚ್ಚಿದ ದಿನ ಕದ ಬಡಿಯುವ ಸದ್ದಿಗೆ ಅದು ಹಿಂಜರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿ. ಕೆಲವು ಬೆಕ್ಕಿಗೆ ನಾಲ್ಕು ದಿನ ಸಾಕು, ಕೆಲವಕ್ಕೆ ಮೂರು ವಾರ ಬೇಕು. ಮನೆಯಲ್ಲಿ ತಾಯಿ-ಮರಿ ಇದ್ದರೆ ತಾಯಿಗೆ ಕಲಿಸಿ, ಮರಿಗಳ ಮುಂದೆಯೇ ಅದು ದಾಟಲಿ. ಈ ದಿನಗಳಲ್ಲಿ ದೊಡ್ಡ ಬಾಗಿಲನ್ನು ಬೆಕ್ಕಿಗಾಗಿ ತೆರೆಯಬಾರದು. ಕೂಗಿದರೆ ತೆರೆಯುತ್ತಾರೆಂಬುದು ಅದಕ್ಕೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಪಾಠ. ಅದನ್ನು ನಾವೇ ಕಲಿಸಿದ್ದು. ಮನೆ ಬದಲಿಸಿದವರು ಮಾತ್ರ ಎರಡು-ಮೂರು ವಾರ ಬೆಕ್ಕನ್ನು ಒಳಗೇ ಇಟ್ಟುಕೊಂಡು, ಹೊಸ ಮನೆಯನ್ನು ಅದು ತನ್ನದೆಂದು ಒಪ್ಪಿದ ಮೇಲೆ ಕಿಂಡಿ ತೆರೆಯಬೇಕು. ಇಲ್ಲವಾದರೆ ಅದು ಹಳೆಯ ಬಾಗಿಲನ್ನೇ ಹುಡುಕಿಕೊಂಡು ಹೊರಡುತ್ತದೆ.

ಹತ್ತು ಸಾವಿರ ವರ್ಷಗಳಿಂದ ಬೆಕ್ಕು ನಮ್ಮ ಧಾನ್ಯವನ್ನು ಕಾದಿದೆ. ಪ್ರತಿಫಲವಾಗಿ ಕೇಳಿದ್ದು ಅಡುಗೆಮನೆಯ ಮೂಲೆ ಮತ್ತು ಬಂದುಹೋಗುವ ದಾರಿ. ಹಳೆಯ ಮನೆಗಳಲ್ಲಿ ಆ ದಾರಿ ಬಡತನದಿಂದಲೋ ಅಭ್ಯಾಸದಿಂದಲೋ ತಾನಾಗಿ ಉಳಿದಿತ್ತು. ಸಂದುಗಳಿಲ್ಲದ ಮನೆ ಕಟ್ಟುವ ಶಕ್ತಿ ಬಂದಾಗ ಯಾರಿಗೆ ದಾರಿ ಬಿಡಬೇಕು ಎಂದು ಯೋಚಿಸುವ ಹೊಣೆಯೂ ಜೊತೆಗೇ ಬಂತು. ಬೆಕ್ಕಿನ ಮಟ್ಟಿಗಂತೂ ಆ ಹೊಣೆ ದೊಡ್ಡದೇನಲ್ಲ. ಜನ್ನಾಪುರದಲ್ಲಾಗಲಿ ಬೇರೆಲ್ಲಾಗಲಿ ಮನೆ ಕಟ್ಟಿಸುತ್ತಿರುವವರು ಹಿತ್ತಿಲ ಬಾಗಿಲಿನ ಅಳತೆ ಕೊಡುವಾಗ ಆರಿಂಚಿನ ಒಂದು ಚೌಕವನ್ನೂ ಗುರುತು ಹಾಕಿಕೊಡಲಿ. ಬಡಗಿಗೆ ಅದು ಒಂದು ಗಂಟೆಯ ಕೆಲಸ.